ಸೇನೆಯಲ್ಲಿ ಮನೆಯವರನ್ನು ಕಳೆದುಕೊಂಡಾಗ: ಅಳುವುದಕ್ಕೆ, ದೇವರ ಹತ್ತಿರ ಮತ್ತೆ ಹೋಗುವುದಕ್ಕೆ ಒಂದಿಷ್ಟು ದಾರಿ

ಮನೆಯ ಮಗನೋ ಗಂಡನೋ ಅಣ್ಣನೋ ಸೇನೆಯಲ್ಲಿ ಜೀವ ಕೊಟ್ಟ ಸುದ್ದಿ ಬಂದರೆ ಊರಿಗೆ ಊರೇ ಅಂಗಳಕ್ಕೆ ಬರುತ್ತದೆ. ಬ್ಯಾನರ್, ಹೂವು, ಘೋಷಣೆ, ಟಿವಿಯವರು, ರಾಜಕೀಯದವರು. ಸ್ವಲ್ಪ ದಿನ ಕಳೆದ ಮೇಲೆ ಯಾರೂ ಇರುವುದಿಲ್ಲ. ಈ ಎರಡೂ ಹೊತ್ತು ಕಷ್ಟವೇ, ಆದರೆ ಬೇರೆ ಬೇರೆ ಥರದ ಕಷ್ಟ. ನನ್ನ ತಮ್ಮ ಸೇನೆಯಲ್ಲಿದ್ದ, ಗಡಿಯಲ್ಲಿ ಹೋದ. ನಮ್ಮ ಮನೆ ಅಂಕೋಲೆ ಹತ್ತಿರ, ಆಯಿಯ, ಅಂದರೆ ಅಮ್ಮನ, ತವರು ಶಿರಸಿ ಕಡೆ. ಹಾಗಾಗಿ ಇಲ್ಲಿ ಬರೆದಿದ್ದು ನಮ್ಮ ಉತ್ತರ ಕನ್ನಡ ಜಿಲ್ಲೆಯ ಪದ್ಧತಿ, ನಮ್ಮ ದೇವಸ್ಥಾನ, ನಮ್ಮ ಜನರನ್ನು ನೋಡಿಯೇ ಬರೆದಿದ್ದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಂಬಿಕೆಯಿಂದ "ಯಾಕೆ ಹೀಗಾಯಿತು" ಎಂಬುದಕ್ಕೆ ಉತ್ತರ ಸಿಗುತ್ತದೆ ಎಂದುಕೊಂಡು ಹೋಗಬೇಡಿ. ನನಗೆ ಇನ್ನೂ ಸಿಕ್ಕಿಲ್ಲ. ಸಿಕ್ಕಿದ್ದು ಬೇರೆ. ಏನೂ ತೋಚದ ದಿನ ಕೈಗೆ ಒಂದು ಕೆಲಸ ಸಿಕ್ಕಿತು, ಅಳಲು ಒಂದು ಜಾಗ ಸಿಕ್ಕಿತು, ಬೈಯಲು ಒಬ್ಬ ದೇವರು ಸಿಕ್ಕಿದ. ಇಷ್ಟರಲ್ಲೇ ದಿನ ಹೋಗುತ್ತದೆ, ದಿನ ಹೋಗುವುದೇ ಆಗ ಬೇಕಾಗಿದ್ದು.

ಮೊದಲ ದಿನಗಳು

ಸುದ್ದಿ ಬಂದ ಕೂಡಲೇ ಫೋನ್ ಎತ್ತಲು ಒಬ್ಬರನ್ನು ಗೊತ್ತು ಮಾಡಿ. ಭಾವನೋ ಚಿಕ್ಕಪ್ಪನೋ, ಸ್ವಲ್ಪ ಗಟ್ಟಿ ಮನಸ್ಸಿನವರು. ಯೂನಿಟ್‌ನವರು, ತಹಶೀಲ್ದಾರರು, ಪೊಲೀಸರು, ಪತ್ರಿಕೆಯವರು, ಎಲ್ಲರೂ ಅವರ ಹತ್ತಿರವೇ ಮಾತಾಡಲಿ. ತಾಯಿಯ ಬಾಯಿ ಮುಂದೆ ಮೈಕ್ ಹಿಡಿಯಲು ಬಿಡಲೇಬೇಡಿ. "ನಿಮಗೆ ಈಗ ಏನನ್ನಿಸುತ್ತಿದೆ" ಎಂದು ಕೇಳಿದರೆ ಆ ಜೀವ ಏನು ಹೇಳಬೇಕು? ಮನೆಯ ಟಿವಿ ಆಫ್ ಮಾಡಿ, ಘಟನೆಯ ವಿಡಿಯೋ ಎಂದು ವಾಟ್ಸಾಪಿನಲ್ಲಿ ಬಂದದ್ದನ್ನು ತೆರೆಯದೆ ಅಳಿಸಿ. ಅದರಲ್ಲಿ ಅರ್ಧ ಸುಳ್ಳು, ಉಳಿದರ್ಧ ಮನೆಯವರು ನೋಡಬಾರದ್ದು.

ನಮ್ಮ ಜಿಲ್ಲೆಯಲ್ಲಿ ಜನ ಓಡಾಡುವ ವಿಮಾನ ನಿಲ್ದಾಣ ಇಲ್ಲ. ಪಾರ್ಥಿವ ಶರೀರ ಹುಬ್ಬಳ್ಳಿಗೋ ಗೋವಾಕ್ಕೋ ಬಂದು ಅಲ್ಲಿಂದ ರಸ್ತೆಯಲ್ಲಿ ಬರಬೇಕು, ಹವಾಮಾನ ಕೆಟ್ಟರೆ ಇನ್ನೂ ತಡ. ಆ ಕಾಯುವ ಹೊತ್ತು ಬಹಳ ಕೆಟ್ಟದ್ದು. ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಸರಿ, ಆದರೆ ಪಕ್ಕದ ಮನೆಯವರು ತಂದ ಗಂಜಿಯನ್ನು ನಾಲ್ಕು ಗುಟುಕಾದರೂ ಕುಡಿಸಿ. ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಮನೆಯಲ್ಲಿದ್ದರೆ ಅದನ್ನು ನೆನಪಿಸಲು ಒಬ್ಬರಿರಲಿ.

ಪೆಟ್ಟಿಗೆ ತೆರೆಯಬೇಕೋ ಬೇಡವೋ ಎಂಬುದನ್ನು ಜನರ ಗದ್ದಲದ ನಡುವೆ ತೀರ್ಮಾನಿಸಬೇಡಿ. ಜೊತೆಗೆ ಬಂದ ಅಧಿಕಾರಿಯನ್ನು ಪಕ್ಕಕ್ಕೆ ಕರೆದು ಕೇಳಿ, ಮೊದಲು ಮನೆಯ ಒಬ್ಬರು ನೋಡಲಿ. ನೋಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ತಾಯಿಗೆ, ಹೆಂಡತಿಗೆ ಸುಳ್ಳು ಹೇಳಬೇಡಿ, ಇದ್ದದ್ದನ್ನು ಮೆತ್ತಗೆ ಹೇಳಿ. ಪೆಟ್ಟಿಗೆಯ ಮೇಲೆ ಕೈ ಇಟ್ಟು ಕೂರಲು ಬಿಡಿ. ಶಾಲೆ ಮೈದಾನಕ್ಕೆ ದರ್ಶನಕ್ಕೆ ಒಯ್ಯುವ ಮೊದಲು ಸ್ವಲ್ಪ ಹೊತ್ತು ಬಾಗಿಲು ಹಾಕಿ ಮನೆಯವರಿಗಷ್ಟೇ ಬಿಟ್ಟುಕೊಡಿ ಎಂದು ಕೇಳಿ. ಮುಂದೆ ನೆನಪಿನಲ್ಲಿ ಉಳಿಯುವುದು ಮೈದಾನದ ಜನ ಅಲ್ಲ, ಆ ಸ್ವಲ್ಪ ಹೊತ್ತು.

ಧ್ವಜದ ಬಗ್ಗೆ ಹಲವರಿಗೆ ಗೊಂದಲ. ಪೆಟ್ಟಿಗೆಗೆ ಹೊದಿಸಿದಾಗ ಕೇಸರಿ ಬಣ್ಣ ತಲೆಯ ಕಡೆ ಬರುತ್ತದೆ. ಅದನ್ನು ಚಿತೆಯಲ್ಲಿ ಸುಡುವುದಿಲ್ಲ, ಗುಂಡಿಗೆ ಇಳಿಸುವುದಿಲ್ಲ. ಮಡಚಿ ಮನೆಯವರ ಕೈಗೆ ಕೊಡುತ್ತಾರೆ. ಅದರ ಮೇಲೆ ಹೆಸರು ಬರೆಯುವುದು, ಕುಂಕುಮ ಹಚ್ಚುವುದು ಬೇಡ. ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ತೇವ ತಾಗದ ಕಡೆ ಇಡಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಬಟ್ಟೆಗೆ ಬೂಸ್ಟು ಬರುವುದು ಬೇಗ, ಆಗಾಗ ತೆಗೆದು ನೋಡುತ್ತಿರಿ. ಆಯಿ ಅದನ್ನು ದೇವರ ಕೋಣೆಯ ಕಪಾಟಿನಲ್ಲಿ ಇಟ್ಟಿದ್ದಾಳೆ.

ಹೆಮ್ಮೆ ಪಡಿ ಎನ್ನುವವರಿಗೆ

ಬಂದವರೆಲ್ಲ ಇದನ್ನೇ ಹೇಳುತ್ತಾರೆ. "ವೀರನ ತಾಯಿ ಅಳಬಾರದು." ಕಾರವಾರದ ಕಡೆಯವರಾದರೆ ಮೇಜರ್ ರಾಮ ರಾಘೋಬ ರಾಣೆ ಅವರ ಹೆಸರೂ ಬರುತ್ತದೆ. ಚೆಂಡಿಯಾದಲ್ಲಿ ಹುಟ್ಟಿದವರು, 1948ರಲ್ಲಿ ನೌಶೇರಾ ರಾಜೌರಿ ದಾರಿಯಲ್ಲಿ ಗುಂಡಿನ ಸುರಿಮಳೆಯ ನಡುವೆ ನೆಲಬಾಂಬು ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿದವರು, ಪರಮವೀರ ಚಕ್ರ ಪಡೆದವರು. ಅಂಥವರ ಊರು ನಮ್ಮದು ಎನ್ನುವುದು ನಿಜವಾಗಿಯೂ ಹೆಮ್ಮೆ. ಆದರೆ ರಾಣೆಯವರು ಬದುಕಿ ಮನೆಗೆ ಬಂದರು, 1994ರವರೆಗೆ ಇದ್ದರು. ನಮ್ಮವನು ಬರಲಿಲ್ಲ. ಹೆಮ್ಮೆ ಇದೆ ಎಂದ ಮಾತ್ರಕ್ಕೆ ಅಳು ನಿಲ್ಲಬೇಕಾಗಿಲ್ಲ. ಎರಡೂ ಒಟ್ಟಿಗೇ ಇರುತ್ತವೆ. ನಿಮ್ಮ ಮನೆಯಲ್ಲಿ ಅಳುವವರನ್ನು ಯಾರಾದರೂ ಸುಮ್ಮನಿರಿಸಲು ನೋಡಿದರೆ ಅವರನ್ನು ಮೆಲ್ಲಗೆ ಅಂಗಳಕ್ಕೆ ಕರೆದುಕೊಂಡು ಹೋಗಿ, ಚಹಾ ಕೊಡಿ.

ಕರ್ಮಾಂತರ ಮಾಡುವಾಗ

ಹನ್ನೆರಡು ಹದಿಮೂರು ದಿನದ ಕೆಲಸ ದುಃಖದಲ್ಲಿರುವವರಿಗೆ ಹಿಂಸೆ ಎಂದು ಮೊದಲು ನನಗೂ ಅನ್ನಿಸಿತ್ತು. ಮಾಡುತ್ತ ಹೋದ ಹಾಗೆ ಅದೇ ನನ್ನನ್ನು ನಿಲ್ಲಿಸಿತು. ಬೆಳಿಗ್ಗೆ ಏಳಬೇಕು, ಸ್ನಾನ ಮಾಡಬೇಕು, ಎಳ್ಳು ನೀರು ಬಿಡಬೇಕು, ಅವನ ಹೆಸರು ಬಾಯಿಬಿಟ್ಟು ಹೇಳಬೇಕು. ಪ್ರತಿ ದಿನ ಒಂದೊಂದು ಕೆಲಸ, ಒಂದೊಂದು ದಿನ ದಾಟಿತು. ಮಂತ್ರದ ಅರ್ಥ ಗೊತ್ತಿಲ್ಲದಿದ್ದರೆ ಪುರೋಹಿತರನ್ನು ಕೇಳಿ, "ಭಟ್ಟರೇ, ಈಗ ಮಾಡುತ್ತಿರುವುದು ಯಾತಕ್ಕೆ" ಎಂದು. ಒಳ್ಳೆಯವರು ಬೇಸರ ಇಲ್ಲದೆ ಹೇಳುತ್ತಾರೆ.

ಈಗ ಒಂದು ಮುಖ್ಯ ವಿಷಯ. ಯಾರೋ ಒಬ್ಬರು ಬಂದು "ಇದು ದುರ್ಮರಣ, ಆತ್ಮಕ್ಕೆ ಗತಿ ಇಲ್ಲ, ಅದು ಮಾಡಿಸಬೇಕು, ಇದು ಮಾಡಿಸಬೇಕು" ಎಂದು ಹೆದರಿಸಿಯೇ ಹೆದರಿಸುತ್ತಾರೆ. ಹೆದರಬೇಡಿ. ಬನವಾಸಿ ಕಡೆ, ಭಟ್ಕಳದ ಕಡೆ ಹೋದರೆ ವೀರಗಲ್ಲುಗಳಿವೆ, ನೀವು ನೋಡಿರುತ್ತೀರಿ. ಸರಿಯಾಗಿ ನಿಂತು ಕೆಳಗಿನಿಂದ ಮೇಲೆ ನೋಡಿ. ಕೆಳಗೆ ಕಾಳಗ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಅವನು ಶಿವಲಿಂಗದ ಎದುರು ಕೈ ಮುಗಿದು ಕೂತಿದ್ದಾನೆ. ಸೂರ್ಯ ಚಂದ್ರ ಇರುವ ತನಕ ಇರಲಿ ಎಂದು ಅವನ್ನೂ ಕೆತ್ತಿದ್ದಾರೆ. ರಣದಲ್ಲಿ ಬಿದ್ದವನು ಅಲೆಯುತ್ತಾನೆ ಎಂದು ನಮ್ಮ ಹಿರಿಯರು ನಂಬಿದ್ದರೆ ಇಷ್ಟು ಕಲ್ಲು ಹೀಗೆ ಕೆತ್ತಿಸುತ್ತಿದ್ದರಾ? ಯುದ್ಧದಲ್ಲಿ ಮಡಿದವರಿಗೆ ಸೂತಕವೇ ಉಳಿದವರಂತೆ ಅಲ್ಲ ಎಂದು ಧರ್ಮಶಾಸ್ತ್ರದಲ್ಲೂ ಇದೆ. ನಿಮ್ಮ ಮನೆಯ ಪದ್ಧತಿ ಏನೋ ಅದನ್ನು ನಿಮ್ಮ ಪುರೋಹಿತರ ಹತ್ತಿರ ಕೇಳಿ ಮಾಡಿ. ನಾರಾಯಣ ಬಲಿ, ಅಂದರೆ ಹೀಗೆ ಅಕಾಲದಲ್ಲಿ ಹೋದವರಿಗೆ ಮಾಡುವ ಕರ್ಮ, ಮಾಡಿಸಬೇಕು ಎಂದು ನಿಮ್ಮ ಮನಸ್ಸಿಗೇ ಬಂದರೆ ಮಾಡಿಸಿ, ಸಮಾಧಾನ ಸಿಗುವುದಾದರೆ ಒಳ್ಳೆಯದೇ. ಹೆದರಿಕೆಯಿಂದ, ಸಾಲ ಮಾಡಿ ಮಾತ್ರ ಬೇಡ. ಅವನ ಜೊತೆ ಮಾತಾಡಿಸುತ್ತೇನೆ ಎಂದು ದುಡ್ಡು ಕೇಳುವವರ ಮನೆ ಬಾಗಿಲಿಗೆ ಹೋಗಲೇಬೇಡಿ.

ಶರೀರವೇ ಸಿಗದ ಮನೆಗಳೂ ಇವೆ. ಹಿಮದಲ್ಲಿ, ಸಮುದ್ರದಲ್ಲಿ ಹೋದವರು. ದರ್ಭೆ ಅಥವಾ ಮುತ್ತುಗದ ಎಲೆಯಿಂದ ಆಕೃತಿ ಮಾಡಿ ಸಂಸ್ಕಾರ ಮಾಡುವ ಕ್ರಮ ಶಾಸ್ತ್ರದಲ್ಲಿದೆ. ಕಡಲಿಗೆ ಹೋದ ದೋಣಿ ಬಾರದ ಮನೆಗಳು ನಮ್ಮ ಕರಾವಳಿಯಲ್ಲಿ ಎಷ್ಟೋ ಇವೆ, ಕಾಯುವುದು ಅಂದರೆ ಏನೆಂದು ಆ ಮನೆಯ ಹೆಂಗಸರಿಗೆ ಗೊತ್ತು. ಅಂಥವರು ಪರಿಚಯದಲ್ಲಿದ್ದರೆ ಹೋಗಿ ಅವರ ಹತ್ತಿರ ಕೂತುಕೊಳ್ಳಿ. ಯಾವ ದೊಡ್ಡವರ ಮಾತಿಗಿಂತ ಅದು ಜಾಸ್ತಿ ಉಪಯೋಗ.

ಅಸ್ಥಿ ಬಿಡಲು ನಮ್ಮ ಕಡೆಯವರು ಗೋಕರ್ಣಕ್ಕೆ ಹೋಗುವುದು ರೂಢಿ. ಕೋಟಿತೀರ್ಥ, ಸಮುದ್ರ, ಮಹಾಬಲೇಶ್ವರ ಎಲ್ಲ ಹತ್ತಿರ ಹತ್ತಿರವೇ. ಮೊದಲೇ ಫೋನ್ ಮಾಡಿ ಮಾತಾಡಿಕೊಂಡು ಹೋಗಿ, ದಕ್ಷಿಣೆ ಎಷ್ಟು ಎಂದು ಮುಂಚೆ ಕೇಳುವುದರಲ್ಲಿ ನಾಚಿಕೆ ಏನಿಲ್ಲ. ರಜೆಯ ದಿನ ಬೀಚಿಗೆ ಬಂದವರ ಗದ್ದಲ ಇರುತ್ತದೆ, ನಿಮ್ಮ ಪಕ್ಕದಲ್ಲೇ ಯಾರೋ ನಗುತ್ತ ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ, ಅದು ಎದೆಗೆ ಚುಚ್ಚುತ್ತದೆ. ವಾರದ ನಡುವೆ, ಬೆಳಿಗ್ಗೆ ಬೇಗ ಹೋಗುವುದು ಒಳ್ಳೆಯದು. ಮಳೆಗಾಲದಲ್ಲಿ ನೀರಿಗೆ ಆಳಕ್ಕೆ ಇಳಿಯಬೇಡಿ, ಅಲೆ ಎಳೆದುಕೊಳ್ಳುತ್ತದೆ.

ಹೆಂಡತಿಯ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ಇದನ್ನು ಯಾರೂ ಮಾಡಿಸಬಾರದು ಎನ್ನುವುದು ನನ್ನ ಗಟ್ಟಿ ಮಾತು. ತಮ್ಮನ ಹೆಂಡತಿಗೆ ಆಯಿಯೇ "ತಂಗೀ, ನಿನಗೆ ಬೇಕಾದ ಹಾಗೆ ಇರು" ಎಂದಳು. ಮನೆಯ ಹಿರಿಯ ಹೆಂಗಸು ಒಬ್ಬಳು ಹೀಗೆ ಒಂದು ಮಾತು ಹೇಳಿದರೆ ಊರಿನ ಬಾಯಿ ಮುಚ್ಚುತ್ತದೆ. ಆ ಹಿರಿಯರು ನೀವಾಗಿದ್ದರೆ ದಯವಿಟ್ಟು ಹೇಳಿ, ಎಲ್ಲರಿಗೂ ಕೇಳುವ ಹಾಗೆ ಹೇಳಿ.

ತೀರದ ಹರಕೆ

ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಆದರೆ ನನಗೆ ಗೊತ್ತಿರುವ ಸೈನಿಕರ ಮನೆಗಳಲ್ಲೆಲ್ಲ ಇದು ಇದೆ. ಅವನು ರಜೆಗೆ ಸುಖವಾಗಿ ಬರಲಿ ಎಂದು ಹರಕೆ ಹೇಳಿರುತ್ತಾರೆ. ಶಿರಸಿ ಮಾರಿಕಾಂಬೆಗೆ ಉಡಿ ತುಂಬುತ್ತೇನೆ, ಇಡಗುಂಜಿ ಗಣಪತಿಗೆ ಪಂಚಕಜ್ಜಾಯ ಮಾಡಿಸುತ್ತೇನೆ, ಹೀಗೆ. ಕೆಲವರು ದೇವರ ಎದುರು ಹೂವಿನ ಪ್ರಸಾದ ಕೇಳಿರುತ್ತಾರೆ, ಬಲಗಡೆಯೇ ಆಗಿರುತ್ತದೆ, ಅಂದರೆ ಒಳ್ಳೆಯದಾಗುತ್ತದೆ ಎಂದು. ಆಮೇಲೆ ಹೀಗಾದರೆ? ತಾಯಿಯ ತಲೆಯಲ್ಲಿ ಓಡುವುದೇ ಅದು. ನಾನು ಹರಕೆ ತಡ ಮಾಡಿದೆನಾ, ಹೋದ ಜಾತ್ರೆಗೆ ಹೋಗದೇ ಇದ್ದಿದ್ದಕ್ಕೆ ಹೀಗಾಯಿತಾ, ದೇವರು ಸುಳ್ಳು ಹೇಳಿದನಾ.

ಮೊದಲನೆಯದು, ಇದನ್ನು ಅವರು ಬಾಯಿಬಿಟ್ಟು ಹೇಳುವ ಹಾಗೆ ಮಾಡಿ. "ಏನಾದರೂ ಹರಕೆ ಇತ್ತಾ ಆಯಿ" ಎಂದು ನೀವೇ ಕೇಳಿ. ಒಳಗೇ ಇಟ್ಟುಕೊಂಡರೆ ಅದು ತಿನ್ನುತ್ತದೆ. ಗುಂಡು ಹಾರಿದ್ದು ಬಂದೂಕಿನಿಂದ, ಉಡಿ ತುಂಬದೇ ಇದ್ದಿದ್ದರಿಂದ ಅಲ್ಲ. ಇದನ್ನು ಒಮ್ಮೆ ಹೇಳಿದರೆ ಸಾಲುವುದಿಲ್ಲ, ಹತ್ತು ಸಲ ಹೇಳಬೇಕಾಗುತ್ತದೆ, ಹೇಳಿ.

ಎರಡನೆಯದು, ಹರಕೆಯನ್ನು ಹಾಗೇ ತೂಗಾಡಲು ಬಿಡಬೇಡಿ. ದೇವಸ್ಥಾನದ ಅರ್ಚಕರಿಗೆ ಇದ್ದ ವಿಷಯ ಹೇಳಿ. ಕೆಲವರು ತಪ್ಪು ಕಾಣಿಕೆ ಹಾಕಿ ಮುಗಿಸಿ ಎನ್ನುತ್ತಾರೆ. ಆ ಮಾತು ನನಗೆ ಇಷ್ಟವಿಲ್ಲ, ಯಾರದ್ದು ತಪ್ಪು ಇಲ್ಲಿ? ನಾವು ಮಾಡಿದ್ದು ಹೀಗೆ. ಸೂತಕ ಎಲ್ಲ ಕಳೆದು, ಆಯಿಗೆ ಹೊರಗೆ ಕಾಲಿಡುವ ಮನಸ್ಸು ಬಂದ ಮೇಲೆ ಹೇಳಿದ್ದ ಸೇವೆಯನ್ನೇ ಕೊಟ್ಟೆವು, ಅವನ ಹೆಸರಿನಲ್ಲೇ. ಬದುಕಿ ಬರಲಿ ಎಂದು ಹೇಳಿದ್ದನ್ನು ಚೆನ್ನಾಗಿರಲಿ ಎಂದು ಕೊಟ್ಟೆವು. ಆಯಿ ದೇವಿಯ ಎದುರು ನಿಂತು ಜೋರಾಗಿ ಅತ್ತಳು. ಆ ದಿನ ರಾತ್ರಿ ಅವಳಿಗೆ ನಿದ್ದೆ ಬಂತು. ಶಿರಸಿ ಜಾತ್ರೆ ಎರಡು ವರ್ಷಕ್ಕೊಮ್ಮೆ, ಆ ಜನಸಂದಣಿಯಲ್ಲೇ ಕೊಡಬೇಕು ಎಂದಿಲ್ಲ. ಸಾಮಾನ್ಯ ದಿನ ಹೋದರೆ ದೇವಿಯ ಎದುರು ನಿಲ್ಲಲು ಸಮಯ ಸಿಗುತ್ತದೆ.

ದೇವರ ಮೇಲೆ ಸಿಟ್ಟು

ಬರುತ್ತದೆ. ಬರಲಿ. ನನಗೆ ತಿಂಗಳುಗಟ್ಟಲೆ ದೀಪ ಹಚ್ಚಲು ಕೈ ಬರಲಿಲ್ಲ, ಮನೆಯಲ್ಲಿ ಬೇರೆಯವರು ಹಚ್ಚುತ್ತಿದ್ದರು, ಯಾರೂ ನನ್ನನ್ನು ಒತ್ತಾಯ ಮಾಡಲಿಲ್ಲ. ಅಷ್ಟು ಸಾಕು. ಮನೆಯಲ್ಲಿ ಒಬ್ಬರಿಗೆ ನಂಬಿಕೆ ಹೋದಾಗ ಇನ್ನೊಬ್ಬರು ದೀಪ ನೋಡಿಕೊಳ್ಳುತ್ತಾರೆ, ಆಮೇಲೆ ಸರದಿ ಬದಲಾಗುತ್ತದೆ.

ಚಿಕ್ಕಂದಿನಿಂದ ಬಯಲಾಟ, ತಾಳಮದ್ದಲೆ ನೋಡಿ ಬೆಳೆದವರು ನಾವು. ಯುದ್ಧ ಮುಗಿದ ಮೇಲೆ ಗಾಂಧಾರಿ ರಣರಂಗಕ್ಕೆ ಬರುತ್ತಾಳೆ, ನೂರು ಮಕ್ಕಳ ಹೆಣದ ನಡುವೆ ನಿಂತು ಕೃಷ್ಣನಿಗೇ ಶಾಪ ಕೊಡುತ್ತಾಳೆ, ನಿನಗೆ ತಡೆಯಲು ಆಗುತ್ತಿತ್ತು, ನೀನು ತಡೆಯಲಿಲ್ಲ ಎಂದು. ಕೃಷ್ಣ ಅವಳನ್ನು ಸುಟ್ಟು ಬೂದಿ ಮಾಡಲಿಲ್ಲ, ಶಾಪವನ್ನು ಒಪ್ಪಿಕೊಂಡ. ನಾನು ಇದನ್ನು ಎಷ್ಟು ಸಲ ಕೇಳಿದ್ದೆನೋ, ತಮ್ಮ ಹೋದ ಮೇಲೆಯೇ ಅದು ಮನಸ್ಸಿಗೆ ಇಳಿದದ್ದು. ದೇವರನ್ನು ಬೈದರೆ ದೇವರು ಬಿಟ್ಟುಹೋಗುವುದಿಲ್ಲ. ಬೈಯುವುದೂ ಒಂದು ಮಾತುಕತೆಯೇ. ಮಾತು ಬಿಟ್ಟರೆ ಮಾತ್ರ ಕಷ್ಟ.

ಮತ್ತೆ ಹೋಗಬೇಕು ಅನ್ನಿಸಿದಾಗ ದೊಡ್ಡದಾಗಿ ಶುರು ಮಾಡಬೇಡಿ. ದಿನಾ ಸಹಸ್ರನಾಮ, ವಾರಕ್ಕೊಂದು ಉಪವಾಸ ಎಂದೆಲ್ಲ ಹಾಕಿಕೊಂಡರೆ ನಾಲ್ಕು ದಿನಕ್ಕೆ ಬಿಟ್ಟುಹೋಗಿ ಇನ್ನಷ್ಟು ಬೇಜಾರು. ತುಳಸಿಗೆ ನೀರು ಹಾಕಿ. ಊರಿನ ದೇವಸ್ಥಾನದ ಸಂಜೆಯ ಭಜನೆಗೆ ಹೋಗಿ ಹಿಂದೆ ಕೂತುಕೊಳ್ಳಿ, ಹಾಡದಿದ್ದರೂ ಪರವಾಗಿಲ್ಲ. ಭಜನೆಯಲ್ಲಿ ಅತ್ತರೆ ಯಾರೂ ತಿರುಗಿ ನೋಡುವುದಿಲ್ಲ, ನನಗೆ ಅಲ್ಲಿ ಬಹಳ ಹಿಡಿಸಿದ್ದು ಅದೇ. ಸತ್ತವನ ಇಷ್ಟದ ಅಡುಗೆ ಮಾಡಿ ಯಾರಿಗಾದರೂ ಬಡಿಸಿ.

ಅವನ ಯೂನಿಟ್ಟಿನ ಗೆಳೆಯರು ರಜೆಯಲ್ಲಿ ಬಂದಾಗ ಮನೆಗೆ ಬರುತ್ತಾರೆ. ಕೊನೆಯ ದಿನದ ಬಗ್ಗೆ ಕೇಳಬೇಕು ಅನ್ನಿಸಿದರೆ ಕೇಳಿ, ಬೇಡ ಅನ್ನಿಸಿದರೆ ಬೇರೆ ಕೇಳಿ. ಅಲ್ಲಿ ದೇವಸ್ಥಾನ ಇತ್ತಾ, ಅವನು ಹೋಗುತ್ತಿದ್ದನಾ, ಏನು ಬೇಡಿಕೊಳ್ಳುತ್ತಿದ್ದ ಎಂದು. ಸೇನೆಯಲ್ಲಿ ಧರ್ಮಗುರುಗಳೇ ಇರುತ್ತಾರೆ, ಪಂಡಿತರು, ಮೌಲ್ವಿ, ಗ್ರಂಥಿ, ಪಾದ್ರಿ. ಸರ್ವಧರ್ಮ ಸ್ಥಳ ಎಂದು ಒಂದೇ ಸೂರಿನಡಿ ಎಲ್ಲರ ಪ್ರಾರ್ಥನೆ ನಡೆಯುತ್ತದೆ. ನಮ್ಮವನು ಅಲ್ಲಿ ಆರತಿ ಹೊತ್ತಿಗೆ ಗಂಟೆ ಹೊಡೆಯಲು ತಾನೇ ಮುಂದೆ ಹೋಗುತ್ತಿದ್ದ ಎಂದು ಅವನ ಗೆಳೆಯ ಹೇಳಿದ. ಮನೆಯಲ್ಲಿ ಕರೆದರೂ ಬಾರದವನು! ಆಯಿ ಇದನ್ನು ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ.

ಬೇರೆ ಮತದವರಿಗೂ ಇದೇ ಮಾತು, ದಾರಿ ಮಾತ್ರ ಅವರವರದು. ಕಾರವಾರ, ಹೊನ್ನಾವರದ ಕ್ರಿಸ್ತುವರ ಮನೆಗಳಲ್ಲಿ ನೆರೆಹೊರೆಯವರು ಸಂಜೆ ಸೇರಿ ಜಪಮಾಲೆ ಪ್ರಾರ್ಥನೆ ಮಾಡುತ್ತಾರೆ, ನವೆಂಬರ್ 2ರಂದು ಸಮಾಧಿಗೆ ಹೋಗಿ ಮೇಣದಬತ್ತಿ ಹಚ್ಚುತ್ತಾರೆ. ಮುಸ್ಲಿಮರ ಮನೆಗಳಲ್ಲಿ ಅವನ ಹೆಸರಿನಲ್ಲಿ ಕುರಾನ್ ಓದಿಸುತ್ತಾರೆ, ಬಡವರಿಗೆ ಊಟ ಹಾಕುತ್ತಾರೆ. ಕರೆದರೆ ಹೋಗಿ ಕೂತು ಬನ್ನಿ. ನಮ್ಮ ಮನೆಗೂ ಅವರೆಲ್ಲ ಬಂದಿದ್ದರು.

ಮಕ್ಕಳು, ಕಾಗದಪತ್ರ, ಟ್ರಂಕು

ಮಕ್ಕಳಿಗೆ "ಅಪ್ಪ ದೇವರ ಹತ್ತಿರ ಹೋಗಿದ್ದಾನೆ" ಎಂದಷ್ಟೇ ಹೇಳಿ ಬಿಡಬೇಡಿ. ಮಗು ಯಾವಾಗ ವಾಪಸ್ ಬರುತ್ತಾನೆ ಎಂದು ಕಾಯುತ್ತದೆ, ಇಲ್ಲವಾದರೆ ದೇವರೇ ಅಪ್ಪನನ್ನು ಕದ್ದ ಎಂದುಕೊಳ್ಳುತ್ತದೆ. ಅಪ್ಪ ಸತ್ತುಹೋದ, ಇನ್ನು ಬರುವುದಿಲ್ಲ, ನಾವು ನಿನ್ನ ಜೊತೆ ಇದ್ದೇವೆ. ಇಷ್ಟು ಹೇಳಿ, ಆಮೇಲೆ ದೇವರ ಮಾತು. ಕಾರವಾರ ಬೀಚಿನ ಹತ್ತಿರ ಚಪಲ್ ಯುದ್ಧನೌಕೆ ಸಂಗ್ರಹಾಲಯ ಇದೆ. ಮಗು ತಾನಾಗಿ ಸೇನೆಯ ಬಗ್ಗೆ ಕೇಳಲು ಶುರು ಮಾಡಿದಾಗ ಕರೆದುಕೊಂಡು ಹೋಗಿ, ಅದಕ್ಕೂ ಮೊದಲು ಬೇಡ. "ನೀನೂ ಅಪ್ಪನ ಹಾಗೆ ಸೈನಿಕ ಆಗಬೇಕು" ಎಂದು ಮೂರು ವರ್ಷದ ಮಗುವಿನ ತಲೆ ಮೇಲೆ ಹೊರೆ ಇಡುವವರನ್ನು ಅಲ್ಲೇ ತಡೆಯಿರಿ.

ಪಿಂಚಣಿ, ವಿಮೆ, ಪರಿಹಾರದ ಕಾಗದ ಒಂದು ಫೈಲಿನಲ್ಲಿರಲಿ, ಎಲ್ಲದರ ಜೆರಾಕ್ಸ್ ಇರಲಿ. ಯೂನಿಟ್, ರೆಕಾರ್ಡ್ ಆಫೀಸ್ ಮತ್ತು ಸೈನಿಕ ಕಲ್ಯಾಣ ಇಲಾಖೆಯ ಜೊತೆ ಪತ್ರವ್ಯವಹಾರಕ್ಕೆ ಹೆಂಡತಿಯ ಕಡೆಯ ಒಬ್ಬರು, ಗಂಡನ ಕಡೆಯ ಒಬ್ಬರು ಇಬ್ಬರೂ ಸೇರಿ ಕೂತರೆ ಮುಂದೆ ಜಗಳ ಕಡಿಮೆ.

ಅವನ ಟ್ರಂಕು ಆಮೇಲೆ ಬರುತ್ತದೆ. ಒಬ್ಬರೇ ತೆರೆಯಬೇಡಿ. ಬಟ್ಟೆಯನ್ನು ಬಂದ ದಿನವೇ ಒಗೆಯಬೇಡಿ, ಅದರಲ್ಲಿ ಅವನ ವಾಸನೆ ಇರುತ್ತದೆ. ಫೋನಿನಲ್ಲಿರುವ ಅವನ ದನಿಯನ್ನು ಇನ್ನೊಂದು ಕಡೆ ಕಾಪಿ ಮಾಡಿ ಇಡಿ, ಕೇಳುವ ಧೈರ್ಯ ಈಗ ಇಲ್ಲದಿದ್ದರೂ.

ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ನಾನೂ ಅವನ ಹಿಂದೆ ಹೋಗಬೇಕು ಅನ್ನಿಸುತ್ತದೆ ಎಂದರೆ ಅದಕ್ಕೆ ಡಾಕ್ಟರು ಬೇಕು. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂದು ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಮಾತ್ರೆ ತೆಗೆದುಕೊಂಡರೆ ದೇವರ ಮೇಲೆ ನಂಬಿಕೆ ಕಡಿಮೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ವರ್ಷ ತುಂಬಿದಾಗ ಮತ್ತು ಆಮೇಲೆ

ಆಗಸ್ಟ್ 15, ಜನವರಿ 26, ಜುಲೈ 26ರ ಕಾರ್ಗಿಲ್ ದಿನ, ನೌಕಾಪಡೆಯವರ ಮನೆಯಾದರೆ ಡಿಸೆಂಬರ್ 4. ಈ ದಿನಗಳಲ್ಲಿ ಸನ್ಮಾನಕ್ಕೆ ಕರೆಯುತ್ತಾರೆ. ಎಲ್ಲದಕ್ಕೂ ಹೋಗಬೇಕೆಂದಿಲ್ಲ. ಹೋಗುವುದಾದರೆ ಜೊತೆಗೆ ಒಬ್ಬರಿರಲಿ, ಸಾಕು ಅನ್ನಿಸಿದಾಗ ಎದ್ದು ಬರಲು ಗಾಡಿ ಇರಲಿ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ತ್ಯಾಗ ಚಕ್ರದ ಕಲ್ಲುಗಳ ಮೇಲೆ ಮಡಿದವರ ಹೆಸರು ಕೆತ್ತಿದ್ದಾರೆ. ಅಲ್ಲಿಗೆ ಹೋಗಿ ಬಂದವರು ಕಲ್ಲಿನ ಮೇಲಿನ ಹೆಸರನ್ನು ಬೆರಳಿನಿಂದ ಮುಟ್ಟಿದ್ದನ್ನೇ ಹೇಳುತ್ತಾರೆ. ಒಮ್ಮೆ ಹೋಗಲು ಆಗುವುದಾದರೆ ಹೋಗಿ ಬನ್ನಿ.

ಒಂದು ವಿಷಯ ನಮಗೆ ಬಹಳ ಸಹಾಯ ಮಾಡಿತು. ಸರ್ಕಾರದವರು, ಯೂನಿಟ್‌ನವರು, ಊರಿನವರು ನೆನಪಿಡುವುದು ತಾರೀಖು. ಶ್ರಾದ್ಧ ಮಾಡುವುದು ತಿಥಿಗೆ. ಎರಡೂ ಒಂದೇ ದಿನ ಬರುವುದು ಅಪರೂಪ. ತಾರೀಖಿನ ದಿನವನ್ನು ಊರಿಗೆ ಬಿಡಿ, ಯಾರು ಬೇಕಾದರೂ ಬರಲಿ, ಫೋಟೋಗೆ ಹಾರ ಹಾಕಲಿ, ಭಾಷಣ ಮಾಡಲಿ. ತಿಥಿಯ ದಿನ ಮನೆಯವರದ್ದು. ಅವತ್ತು ಯಾರಿಗೂ ಹೇಳಬೇಡಿ, ಮನೆಯ ಹತ್ತು ಜನ ಕೂತು ಉಂಡು, ಅವನ ಕಿತಾಪತಿಯೆಲ್ಲ ನೆನೆದು ನಕ್ಕು, ಅತ್ತು ಮಾಡಿ. ಮಹಾಲಯದಲ್ಲಿ ಅಮಾವಾಸ್ಯೆಯ ಹಿಂದಿನ ದಿನ ಘಾತ ಚತುರ್ದಶಿ ಎಂದು ಬರುತ್ತದೆ, ಶಸ್ತ್ರದಿಂದ, ಅಪಘಾತದಿಂದ ಹೋದವರಿಗೆಂದೇ ಇರುವ ದಿನ. ಪುರೋಹಿತರ ಹತ್ತಿರ ಅದನ್ನೂ ಕೇಳಿ ಬರೆದಿಟ್ಟುಕೊಳ್ಳಿ.

ವರ್ಷಾಂತಿಕ ಮುಗಿದ ಮೇಲೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ನಮಗೆ ಎರಡನೇ ವರ್ಷವೇ ಜಾಸ್ತಿ ಕಷ್ಟವಾಯಿತು, ಯಾಕೆಂದರೆ ಆ ಹೊತ್ತಿಗೆ ಮಾಡಲು ಕರ್ಮದ ಕೆಲಸವೂ ಇರಲಿಲ್ಲ, ಬರುವ ಜನರೂ ಇರಲಿಲ್ಲ. ಹಾಗಾಗಿ ಎರಡನೇ ವರ್ಷಕ್ಕೆ ಒಂದು ಕೆಲಸ ಮೊದಲೇ ಗೊತ್ತು ಮಾಡಿಕೊಳ್ಳಿ. ಅವನು ಓದಿದ ಶಾಲೆಯ ಮಕ್ಕಳಿಗೆ ವರ್ಷಕ್ಕೊಮ್ಮೆ ನೋಟ್‌ಬುಕ್, ದೇವಸ್ಥಾನದಲ್ಲಿ ಒಂದು ದಿನದ ಅನ್ನದಾನ, ಕೈಲಾದಷ್ಟು. ನೀವು ಆ ಮನೆಯವರಲ್ಲ, ನೆಂಟರೋ ಗೆಳೆಯರೋ ಆಗಿದ್ದರೆ ಈಗಲೇ ಫೋನಿನಲ್ಲಿ ಅವನ ಹುಟ್ಟಿದ ದಿನ ಗುರುತು ಹಾಕಿಟ್ಟುಕೊಳ್ಳಿ, ಆ ದಿನ ಅವನ ತಾಯಿಗೆ ಕರೆ ಮಾಡಿ, ಅವನ ಹೆಸರು ಹಿಡಿದು ಮಾತಾಡಿ.